ಮಾಲೂರಿನ ದುಬೈ, ಕೋಲಾರದ ಕುರ್ಚಿ

ಕೋಲಾರದ ಬಸ್ ನಿಲ್ದಾಣದಲ್ಲಿ ನಮ್ಮ ಅತ್ತೆ ಮಾಲೂರಿನ ಬಸ್ಸು ಹತ್ತುವುದನ್ನು ನಾನು ಕಣ್ಣಾರೆ ನೋಡಿದೆ. ಭಾನುವಾರ ಬೆಳಿಗ್ಗೆ. ಕೈಯಲ್ಲಿ ವೈರಿನ ಬ್ಯಾಗು, ಬ್ಯಾಗಿನಿಂದ ತಲೆ ಹೊರಗೆ ಹಾಕಿದ ನುಗ್ಗೆಕಾಯಿ, ತಳದಲ್ಲಿ ಖಂಡಿತ ಮಾವಿನಹಣ್ಣು. ರಾಯಲ್ಪಾಡಿನಿಂದ ಹೊರಟು ಶ್ರೀನಿವಾಸಪುರ ದಾಟಿ ಕೋಲಾರದಲ್ಲಿ ಇಳಿದಿದ್ದರು. ನಮ್ಮ ಮನೆ ಇರುವುದು ಆ ನಿಲ್ದಾಣದ ಹಿಂದಿನ ಬೀದಿಗಳಲ್ಲೇ ಒಂದರಲ್ಲಿ. ಅಷ್ಟು ಹತ್ತಿರ ಇಳಿದೂ ನಮ್ಮ ಕಡೆ ತಿರುಗಿ ನೋಡದೆ, ಇನ್ನೊಂದು ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟಿಗೆ ಬ್ಯಾಗು ಇಟ್ಟು ಕುಳಿತುಕೊಂಡರು.

ಮಾಲೂರಿನಲ್ಲಿ ಏನಿದೆ? ನನ್ನ ಷಡ್ಡಕನ ಮನೆ ಇದೆ. ಷಡ್ಡಕನ ಮನೆಯಲ್ಲಿ ದುಬೈ ಇದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನನ್ನ ಹೆಂಡತಿ, ಚಿಕ್ಕವಳು ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟುಕೊಂಡವನ ಹೆಂಡತಿ. ನಾನು ಟೊಮೆಟೊ ಮಾರುಕಟ್ಟೆಯಲ್ಲಿ ಬಾಕ್ಸು ಹೊರುತ್ತಿದ್ದವನು. ಈಗ ಅದೇ ಮಾರುಕಟ್ಟೆಯಲ್ಲಿ ನನ್ನದೇ ಒಂದು ಮಂಡಿ ಇದೆ. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ, ಮಾತಾಡಿ ಮಾತಾಡಿಯೇ ಮೇಲೆ ಬಂದೆ. ಷಡ್ಡಕನದು ಅಪ್ಪನಿಂದ ಬಂದ ಗೂಡು. ಅವನದು ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಅತ್ತೆಯಂದಿರು ಒಳ್ಳೆಯವರು ಎಂದುಕೊಳ್ಳುತ್ತಾರೆ, ಇದು ನನ್ನ ಅನುಭವ.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ನಮ್ಮ ಮನೆಗೆ ಬಂದದ್ದು ವ್ಯಾಪಾರದ ದಾರಿಯಲ್ಲೇ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರು ಕಂಪ್ಯೂಟರ್ ಮಾರುತ್ತಿದ್ದರು. ನಾನು ಹೋದದ್ದು ಮಂಡಿಯ ಲೆಕ್ಕಕ್ಕೆ ಒಂದು ಯಂತ್ರ ಬೇಕು ಎಂದು. ಅವರ ಮೇಜಿನ ಮೇಲೆ ವಿಮಾನದ ಹಿಡಿಕೆಯಂಥದ್ದು ಒಂದು ಇತ್ತು. "ಅದನ್ನೂ ಸೇರಿಸಿ ಕೊಟ್ರೆ ಈಗಲೇ ಎತ್ಕೊಂಡ್ಹೋಗ್ತೀನಿ" ಎಂದೆ. ಸಾಮಾನು ಸಾಗಿಸುವ ಲಾರಿ ಬಾಗಿಲಿಗೆ ಬಂದು ನಿಂತಿದ್ದಾಗ ಯಾರೂ ಚೌಕಾಸಿ ಮಾಡುವುದಿಲ್ಲ; ಕೊಟ್ಟರು. ಮನೆಗೆ ತಂದು ಜೋಡಿಸಿದ ಮೇಲೆ ಗೊತ್ತಾಯಿತು, ಕೂತಲ್ಲಿಂದಲೇ ಬೆಂಗಳೂರಿನ ರನ್‌ವೇಯಿಂದ ಎದ್ದು ಇಡೀ ಭೂಮಿಯ ಮೇಲೆ ಹಾರಬಹುದು ಎಂದು. ಮಂಡಿಯ ಲೆಕ್ಕ ಮತ್ತೆ ಪುಸ್ತಕಕ್ಕೇ ಹೋಯಿತು.

ಈಗ ಅತ್ತೆಯ ವಿಷಯ. ಅವರ ಕಾಲದ ಹೆಂಗಸರು ಅಳಿಯನ ಎದುರಿಗೆ ಕೂರುವುದಿಲ್ಲ. ಮದುವೆಯಾದ ದಿನದಿಂದ ನನ್ನ ಅತ್ತೆಯ ಮುಖವನ್ನು ನಾನು ಪೂರ್ತಿ ನೋಡಿದವನಲ್ಲ. ಅರ್ಧ ಬಾಗಿಲು, ಅರ್ಧ ಸೆರಗು. ನನಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳುವರು. ನಾನು ಊಟಕ್ಕೆ ಕೂತಿದ್ದರೆ, "ಇನ್ನೊಂದು ಮುದ್ದೆ ಹಾಕ್ಲಾ ಅಂತ ಅಡುಗವೇ" ಎಂದು ಒಳಗಿನಿಂದ, ‘ಕೇಳೇ’ ಎನ್ನುವಲ್ಲಿ ತೆಲುಗು ಬೆರೆಸಿ, ಹೇಳುವರು. ನಾನೂ ಹೆಂಡತಿಗೇ ಉತ್ತರ ಕೊಡುವೆ. ಮೂವರೂ ಒಂದೇ ಮನೆಯೊಳಗೆ ಇದ್ದರೂ ಮಾತು ಕೋಲಾರದಿಂದ ಮುಳಬಾಗಿಲಿಗೆ ಹೋಗಿ ವಾಪಸು ಬಂದ ಹಾಗೆ.

ಒಂದು ಭಾನುವಾರ ನಾನು ಹಾರಿಸುತ್ತಿದ್ದಾಗ ಅವರು ಬಾಗಿಲ ಹಿಂದೆ ನಿಂತು ನೋಡುತ್ತಿದ್ದುದು ಪರದೆಯ ಗಾಜಿನಲ್ಲಿ ಕಂಡಿತು. ವಿಮಾನ ವಾಲಿದಾಗಲೆಲ್ಲ ಅವರೂ ಬಾಗಿಲು ಹಿಡಿದುಕೊಂಡು ವಾಲುತ್ತಿದ್ದರು.

"ವಿಮಾನದಲ್ಲಿ ನಿಂತ್ಕೊಂಡು ಹೋಗೋ ಹಾಗಿಲ್ಲ ಅಂತ ಹೇಳೇ ನಿಮ್ಮಮ್ಮಂಗೆ" ಎಂದೆ ಹೆಂಡತಿಗೆ. "ಬೆಲ್ಟ್ ಹಾಕಿ ಕೂರಿಸ್ತಾರೆ. ನಿಂತಿದ್ರೆ ಹೊರಡೋದೇ ಇಲ್ಲ."

ಪಕ್ಕದಲ್ಲಿ ಒಂದು ಕುರ್ಚಿ ಎಳೆದು ಹಾಕಿದೆ. ಬೆಂಗಳೂರಿನ ಮೇಲೆ ಎರಡು ಸುತ್ತು ಹಾಕಿದೆ. ಆಮೇಲೆ ಕುರ್ಚಿಯ ತುದಿಯಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ನಮ್ಮ ಅತ್ತೆ ಕೂತರು. "ಮೆಲ್ಲಗಾ, ಮೆಲ್ಲಗಾ" ಎಂದರು. ಅದು ಮಗಳಿಗಲ್ಲ, ನನಗೆ. ಅಷ್ಟು ವರ್ಷದಲ್ಲಿ ನೇರವಾಗಿ ನನಗೇ ಆಡಿದ ಮೊದಲ ಮಾತು. ನಾನು ಎಷ್ಟೋ ವ್ಯಾಪಾರ ಗೆದ್ದಿದ್ದೇನೆ. ಆ ದಿನ ಆದಷ್ಟು ಹೆಮ್ಮೆ ಯಾವುದರಲ್ಲೂ ಆಗಿಲ್ಲ.

ಅಲ್ಲಿಂದ ಅವರು ತಿಂಗಳಲ್ಲಿ ಎರಡು ಮೂರು ಭಾನುವಾರ ಬರತೊಡಗಿದರು. ಬಂದರೆ ಕೂರುವರು, ಕೂತರೆ ಮಾತಾಡುವರು. ಬೆಂಗಳೂರಿನಿಂದ ಎದ್ದು ಮಂಗಳೂರಿನ ಸಮುದ್ರದವರೆಗೆ ಹೋಗುತ್ತಿದ್ದೆವು. ಆಟದ ಜೊತೆಗೆ ಬಂದ ಭೂಮಿಯಲ್ಲಿ ಬೆಟ್ಟ, ನದಿ, ರಸ್ತೆ ಸರಿಯಾಗಿರುತ್ತವೆ, ಊರುಗಳು ಮಾತ್ರ ಸುಳ್ಳು. ಕಂಪ್ಯೂಟರ್ ತನಗೆ ತೋಚಿದ ಮನೆಗಳನ್ನು ಸಾಲಾಗಿ ನೆಟ್ಟುಬಿಡುತ್ತದೆ. ಒಮ್ಮೆ ನಮ್ಮೂರ ಕಡೆ ತಿರುಗಿಸಿದಾಗ ಅಂತರಗಂಗೆಯ ಬೆಟ್ಟ ಬೆಟ್ಟದ ಹಾಗೇ ಇತ್ತು. ಅದರ ಕೆಳಗಿನ ಕೋಲಾರದಲ್ಲಿ ಹಿಮ ಬೀಳುವ ದೇಶದ ಚೂಪು ಮಾಡಿನ ಮನೆಗಳು. ರಾಯಲ್ಪಾಡಿನ ಮಾವಿನ ತೋಪು ಸರ್ವೆ ತೋಪಾಗಿತ್ತು. "ನಮ್ಮ ತೋಟ ಯಾರು ಕಡಿದ್ರು?" ಎಂದು ಅತ್ತೆ ಗಾಬರಿಯಾಗಿದ್ದರು.

ಊರು ಊರಿನ ಹಾಗೆ ಕಾಣಬೇಕೆಂದರೆ ಬೇರೆಯಾಗಿ ಕೊಳ್ಳಬೇಕು. ಅದಕ್ಕೆಂದೇ ಒಂದೊಂದು ನಗರವನ್ನು ಕಟ್ಟಡ ಕಟ್ಟಡವಾಗಿ ಮಾಡಿ ಇಂಟರ್ನೆಟ್ಟಿನಲ್ಲಿ ಮಾರುವವರಿದ್ದಾರೆ. ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿದರೆ ಆಯಿತು, ಸುಳ್ಳು ಊರು ಹೋಗಿ ನಿಜದ್ದು ಬಂದು ಕೂರುತ್ತದೆ. ನಾನು ಕೊಂಡಿರಲಿಲ್ಲ. ಕಣ್ಣಿಗೆ ಮಾತ್ರ ಸಿಕ್ಕುವ, ಕೈಗೆ ಸಿಗದ ಮಾಲಿಗೆ ದುಡ್ಡು ಕೊಡುವುದು ನನ್ನ ಅಭ್ಯಾಸವಲ್ಲ.

ಷಡ್ಡಕ ಹಬ್ಬಕ್ಕೆ ಬಂದಾಗ ಇದನ್ನೆಲ್ಲ ನೋಡಿದ. ಯಾವ ಕಂಪ್ಯೂಟರ್, ಎಂಥ ಹಿಡಿಕೆ, ಎಲ್ಲಿ ಸಿಗುತ್ತೆ ಎಂದು ಮೆಲ್ಲಗೆ ಕೇಳಿದ. ಯಾರಾದರೂ ಏನಾದರೂ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ಯಾವ ಅಂಗಡಿ, ಯಾವುದಕ್ಕೆ ಮೋಸ ಹೋಗಬಾರದು, ಬಿಲ್ಲಿನಲ್ಲಿ ಏನು ನೋಡಬೇಕು, ಎಲ್ಲ ಹೇಳಿಕೊಟ್ಟೆ. ಅವನು ತಲೆಯಾಡಿಸಿ ಹೋದ. ಎಲ್ಲವನ್ನೂ ಹೊಸದೇ ಕೊಂಡ. ಪರದೆ ನನ್ನದಕ್ಕಿಂತ ದೊಡ್ಡದು. ಅದರ ಮೇಲೆ ದುಬೈ, ಸಿಂಗಾಪುರ, ಪ್ಯಾರಿಸ್, ಎಲ್ಲವನ್ನೂ ಹೇಳಿದ ಬೆಲೆಗೇ ಕೊಂಡ. ಹೇಳಿದ ಬೆಲೆಗೆ ಕೊಳ್ಳುವವನನ್ನು ಕಂಡರೆ ನನಗೆ ಆಗುವುದಿಲ್ಲ. ಅತ್ತೆ ಆ ಬಸ್ಸು ಹತ್ತಿದ್ದನ್ನು ನೋಡಿದಾಗ ಆದದ್ದು ಮಾತ್ರ ಬೇರೆ; ನನ್ನ ಗಿರಾಕಿ ನನ್ನ ಕಣ್ಣೆದುರೇ ಪಕ್ಕದ ಮಂಡಿಗೆ ಹೋದ ಹಾಗೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಿಮ್ಮಮ್ಮ ಮಾಲೂರ್ಗೆ ಹೋದ್ರು."

"ಹೂಂ, ಫೋನ್ ಮಾಡಿದ್ರು."

"ಇಲ್ಲೇ ಇಳಿದು ಬಸ್ ಬದಲಾಯಿಸಿದ್ರು ಕಣೇ! ಒಂದು ಲೋಟ ಕಾಫಿಗೂ ಬರ್ಲಿಲ್ಲ."

"ಅವ್ರಿಗೆ ಇಬ್ರು ಮಕ್ಳು ರೀ. ಟೊಮೆಟೊ ಬಾಕ್ಸಾ, ಎಲ್ಲಾ ನಿಮ್ ಮಂಡಿಗೇ ಬರ್ಲಿ ಅನ್ನೋಕೆ?"

ಮುಂದಿನ ಭಾನುವಾರವೂ ಅವರು ಮಾಲೂರಿಗೇ ಹೋದರು. ಅದರ ಮುಂದಿನದೂ. ನಮ್ಮ ಮನೆಯ ಕುರ್ಚಿಯ ಮೇಲೆ ಒಗೆದ ಬಟ್ಟೆ ಬಂದು ಕೂತಿತು. ನಾನೊಬ್ಬನೇ ಸಮುದ್ರದವರೆಗೆ ಹೋಗಿ ಬಂದೆ. ನೀರು ಬರೀ ನೀರಿನ ಹಾಗಿತ್ತು.

ಪೈಪೋಟಿಯವನ ಮಾಲನ್ನು ನೋಡದೆ ಬೈಯುವವನು ವ್ಯಾಪಾರಿಯಲ್ಲ. ಒಂದು ಭಾನುವಾರ ಗೂಡಿನ ಕಡೆ ಏನೋ ಕೆಲಸ ಎಂದು ನೆಪ ಹೇಳಿ ನಾನೇ ಮಾಲೂರಿಗೆ ಹೋದೆ. ಅತ್ತೆ ಅಲ್ಲಿದ್ದರು. ಪರದೆಯ ಎದುರು ದಪ್ಪ ಮೆತ್ತೆಯ ಕುರ್ಚಿಯಲ್ಲಿ ಒರಗಿ ಕೂತು, ಕಡಲೆಕಾಯಿ ಬಿಡಿಸುತ್ತಾ, ಷಡ್ಡಕನಿಗೆ "ಆ ಕಡೆ ತಿರುಗಪ್ಪಾ, ಆ ಉದ್ದದ ಬಿಲ್ಡಿಂಗ್ ಸುತ್ತ ಇನ್ನೊಂದು ಸುತ್ತು" ಎನ್ನುತ್ತಿದ್ದರು. ಅಪ್ಪಾ! ನನಗೆ ಎಂದೂ ಅಪ್ಪಾ ಎಂದವರಲ್ಲ. ನನ್ನನ್ನು ಕಂಡು ಎದ್ದು ನಿಂತರು, ಸೆರಗು ತಲೆಯ ಮೇಲೆ ಬಂತು. ಅವನೆದುರು ಕೂತಿದ್ದವರು ನಾನು ಬಂದೆ ಎಂದು ಎದ್ದರು. ಮರ್ಯಾದೆಯೇ ಇಷ್ಟು ನೋಯಿಸಬಹುದೆಂದು ನನಗೆ ಗೊತ್ತಿರಲಿಲ್ಲ.

"ಬಾ ಅಣ್ಣ, ನೀನೇ ಓಡ್ಸು ಒಂದ್ಸಲ" ಎಂದು ಷಡ್ಡಕ ಹಿಡಿಕೆ ಬಿಟ್ಟುಕೊಟ್ಟ.

ಮಾರುಕಟ್ಟೆಯಲ್ಲಿ ನಾನು ಟೊಮೆಟೊ ನೋಡುವ ರೀತಿ ಒಂದೇ. ಬಾಕ್ಸಿನ ಮೇಲಿನ ಸಾಲು ಯಾವಾಗಲೂ ಕೆಂಪಗೆ, ಗುಂಡಗೆ ಇರುತ್ತದೆ. ಅದನ್ನು ನೋಡುವುದೇ ಇಲ್ಲ. ಕೈ ಹಾಕಿ ತಳದ ಕಾಯಿ ತೆಗೆಯುತ್ತೇನೆ. ಅವನ ದುಬೈಯ ತಳಕ್ಕೂ ಕೈ ಹಾಕಿದೆ. ಉದ್ದದ ಕಟ್ಟಡಗಳನ್ನು ಬಿಟ್ಟು ಸೀದಾ ಊರಿನ ಅಂಚಿಗೆ ಹಾರಿಸಿ, ತಗ್ಗಿಸಿದೆ. ನಾನು ಅಂದುಕೊಂಡಂತೆಯೇ ಇತ್ತು. ನಡು ಊರು ಮುಗಿದದ್ದೇ ಮನೆಗಳು ನೆಲಕ್ಕೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ. ಕಾರುಗಳು ಬಿಸಿಲಿಗೆ ಕರಗಿದ ಬೆಲ್ಲದ ಹಾಗೆ ರಸ್ತೆಗೆ ಅಂಟಿಕೊಂಡಿದ್ದವು.

"ನೋಡಿ ಅತ್ತೆ" ಎಂದೆ. "ಬರೀ ಮೇಲಿನ ಸಾಲು ಚೆನ್ನಾಗಿಟ್ಟಿದಾರೆ. ತಳ ಎಲ್ಲ ಕೊಳೆತಿದೆ."

ಅವರು ಬಾಗಿಲಲ್ಲಿ ನಿಂತಿದ್ದ ಚಿಕ್ಕ ಮಗಳ ಕಡೆ ತಿರುಗಿ ಹೇಳಿದರು: "ಊರು ನೋಡೋಕ್ ಬಂದೋರು ಊರು ನೋಡ್ಬೇಕು. ತಿಪ್ಪೆ ಕಡೆ ಯಾಕೆ ಹೋಗ್ತಾರೆ ಅಂತ ಕೇಳವೇ ನಿಮ್ ಭಾವನ್ನ."

ನಾದಿನಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಮತ್ತೆ ಮಗಳ ಮೂಲಕ ಮಾತು! ನಾನು ಇಷ್ಟು ದಿನ ಕಟ್ಟಿದ್ದೆಲ್ಲ ಮಾಲೂರಿಗೆ ಜಮೆಯಾಗಿತ್ತು.

ಹಿಡಿಕೆಯನ್ನು ವಾಪಸು ಕೊಡುವಾಗ ಒಂದು ಮಾತು ಕೇಳಿದೆ. "ಬೆಂಗಳೂರಿಂದಲೇ ಹೊರಡ್ತೀಯಾ ದುಬೈಗೆ? ಬಹಳ ಹೊತ್ತಾಗಲ್ವಾ?"

"ಇಲ್ಲ ಅಣ್ಣ" ಎಂದ ಅವನು, ಅದೇ ಸಣ್ಣ ಧ್ವನಿಯಲ್ಲಿ. "ಭಾನುವಾರ ಪಡುವಲಿಗೆ ಶೂಲ ಅಲ್ವಾ. ಅತ್ತೆ ಹೊರಡಲ್ಲ. ಅದಕ್ಕೆ ಅಬುಧಾಬಿಯಿಂದ ಏಳ್ತೀವಿ. ಅಲ್ಲಿಂದ ದುಬೈ ಮೂಡಲ ಕಡೆಗಾಗುತ್ತೆ."

ವಾರದ ಒಂದೊಂದು ದಿನ ಒಂದೊಂದು ದಿಕ್ಕಿಗೆ ಪ್ರಯಾಣ ಹೊರಡಬಾರದೆಂದು ನಮ್ಮ ಕಡೆ ಇಂದಿಗೂ ನೋಡುತ್ತಾರೆ. ಹೋಗಲೇಬೇಕಾದರೆ ಬಾಯಿಗೆ ಬೆಲ್ಲ ಹಾಕಿಕೊಂಡು ಹೊರಡುತ್ತಾರೆ. ನಾನೂ ಹೊಸ ಲಾರಿ ತೆಗೆದಾಗ ನೋಡಿದ್ದೇನೆ. ಆದರೆ ಕುರ್ಚಿಯಲ್ಲಿ ಕೂತು ಮಾಡುವ ಪ್ರಯಾಣಕ್ಕೂ ಶೂಲ ಇದೆಯೆಂದು ನನಗೆ ಹೊಳೆದಿರಲಿಲ್ಲ. ಅತ್ತೆಯನ್ನು ಕೂರಿಸಿಕೊಂಡು ನಾನು ಹೆಚ್ಚುಕಡಿಮೆ ಪ್ರತಿ ಭಾನುವಾರ ಹಾರಿದ್ದು ಮಂಗಳೂರಿಗೆ. ಮಂಗಳೂರು ಪಡುವಲು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು: "ಕೂರೋಕ್ ಮುಂಚೆ ಅಮ್ಮ ಪ್ರತಿ ಸಲ ಅಡುಗೆಮನೇಲಿ ಒಂಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ತಿದ್ರಲ್ಲ, ಅದ್ಯಾಕೆ ಅಂದ್ಕೊಂಡಿದ್ರಿ?"

"ನೀನಾದ್ರೂ ಹೇಳ್ಬಾರ್ದಿತ್ತಾ?"

"ನೀವ್ ಯಾವತ್ತು ಬೇರೆಯೋರ ಮಾತು ಕೇಳೋಕೆ ಜಾಗ ಬಿಟ್ಟಿದೀರಿ?"

ಸರಿ. ಶೂಲದ ಉಪಾಯ ಷಡ್ಡಕನದು. ಅದನ್ನು ಎತ್ತಿಕೊಳ್ಳುವುದಕ್ಕೆ ನನಗೇನೂ ನಾಚಿಕೆ ಇರಲಿಲ್ಲ, ನನ್ನ ಕಂಪ್ಯೂಟರಿನ ಉಪಾಯವನ್ನು ಅವನು ಎತ್ತಿಕೊಂಡಿರಲಿಲ್ಲವೇ? ಆದರೆ ಬರೀ ಅದರಿಂದ ಅತ್ತೆ ಕೋಲಾರದಲ್ಲಿ ಇಳಿದು ಈ ಕಡೆ ನಡೆಯುವುದಿಲ್ಲ. ನನಗೂ ಒಂದು ಊರು ಬೇಕಿತ್ತು.

ಇಲ್ಲಿ ಎರಡು ಮಾತು, ಉಪಯೋಗವಾಗುವವರಿಗಾಗಿ. ನಗರ ಕೊಳ್ಳುವಾಗ ಮಾರುವವರು ಹಾಕಿದ ಚಿತ್ರಗಳನ್ನು ನಂಬಬೇಡಿ. ಕೊಂಡವರು ಬೈದು ಹಾಕಿದ ಚಿತ್ರಗಳನ್ನು ಹುಡುಕಿ. ದೊಡ್ಡ ಊರೆಂದರೆ ಒಳ್ಳೆಯ ಊರಲ್ಲ, ನಿಮ್ಮ ಕಂಪ್ಯೂಟರ್ ಎಷ್ಟು ಹೊರುತ್ತದೆ ಎಂದು ಮೊದಲು ನೋಡಿ, ಇಲ್ಲವಾದರೆ ವಿಮಾನ ಎತ್ತಿನ ಗಾಡಿಯ ಹಾಗೆ ಕುಲುಕುತ್ತದೆ. ಹೊಸದಾಗಿ ಬಂದ ವಾರ ಯಾವುದನ್ನೂ ಮುಟ್ಟಬೇಡಿ. ಎಲ್ಲಕ್ಕಿಂತ ಮುಖ್ಯ, ಅಂಗಡಿಯ ಪುಟದಲ್ಲಿ ಬೆಲೆ ಬರೆದಿದ್ದರೆ ಅದೇ ಬೆಲೆ ಎಂದುಕೊಳ್ಳಬೇಡಿ. ಪುಟದ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ಅವನೂ ಊಟ ಮಾಡುವವನೇ.

ನಾನು ಹಿಡಿದ ಮನುಷ್ಯ ಯುರೋಪಿನ ಯಾವುದೋ ಗುಡ್ಡಗಾಡು ದೇಶದ ಹುಡುಗ. ಒಬ್ಬನೇ ಕೂತು ಒಂದು ದೊಡ್ಡ ರಾಜಧಾನಿ ನಗರವನ್ನು ಮಾಡಿ ಮಾರುತ್ತಿದ್ದ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು ನನಗೆ ಗೊತ್ತು, ಮುಖ ಕಾಣದವನ ಹತ್ತಿರ ಚೌಕಾಸಿ ಅದೇ ಮೊದಲು. ಫೋನಿನಲ್ಲಿ ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಮಾಡಿಸಿ ಕಳಿಸಿದೆ. ನಿನ್ನ ಊರು ಚೆನ್ನಾಗಿದೆ, ಆದರೆ ಅಂಚಿನಲ್ಲಿ ಸ್ವಲ್ಪ ಕೈ ಬಿಟ್ಟಿದ್ದೀಯ ಎಂದೆ. ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ವ್ಯಾಪಾರ ಕುದುರುತ್ತದೆ ಎಂದು ಅರ್ಥ. ಒಂದು ವಾರ ಸುಮ್ಮನಿದ್ದೆ. ಅವನೇ ಬರೆದ: ಬೆಲೆ ಇಳಿಸುವುದಿಲ್ಲ, ಬೇಕಾದರೆ ಜೊತೆಗೆ ಇನ್ನೊಂದು ಊರು ಕೊಡುತ್ತೇನೆ, ನನ್ನದೇ ಸ್ವಂತ ಊರು, ಚಿಕ್ಕದು, ಯಾರೂ ಕೊಂಡಿಲ್ಲ.

ತೂಕದ ಮೇಲೆ ಕೊಸರಾಗಿ ಬರುವುದನ್ನು ನಾನು ಎಂದೂ ಬೇಡ ಎಂದವನಲ್ಲ. ತೆಗೆದುಕೊಂಡೆ.

ಅತ್ತೆಯನ್ನು ಕರೆಸಿದ್ದು ಹೆಂಡತಿ. ಏನು ಹೇಳಿ ಕರೆಸಿದಳೋ ಕೇಳಲಿಲ್ಲ. ಬಂದರು, ಬಾಗಿಲ ಹಿಂದೆ ನಿಂತರು. ಕುರ್ಚಿಯ ಮೇಲಿನ ಬಟ್ಟೆಯನ್ನು ನಾನೇ ತೆಗೆದು ಒರೆಸಿ ಇಟ್ಟಿದ್ದೆ.

"ಶೂಲ ನೋಡೇ ಹೊರಟಿದೀನಿ ಅಂತ ಹೇಳೇ" ಎಂದೆ. "ಊರಿನ ಪಡುವಲಲ್ಲಿ ಎದ್ದು ಮೂಡಲಿಗೆ ಬರ್ತಿದೀವಿ."

ಮೊದಲು ರಾಜಧಾನಿ ತೋರಿಸಿದೆ. ಅರಮನೆ, ನದಿ, ಸೇತುವೆ. ಅತ್ತೆ ನಿಂತೇ ನೋಡಿದರು.

"ಚೆನ್ನಾಗಿದೆ ಅನ್ನವೇ" ಎಂದರು ಮಗಳಿಗೆ. "ಮಾಲೂರಲ್ಲಿ ಇದಕ್ಕಿಂತ ಎತ್ರದ್ದಿದೆ."

ಇಟ್ಟಿಗೆ ಸುಡುವವನ ಮನೆಯಲ್ಲಿ ಎತ್ತರದ್ದಿದೆಯಂತೆ! ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚುವ ಮೊದಲು, ಪುಕ್ಕಟೆ ಬಂದದ್ದನ್ನೂ ಒಮ್ಮೆ ತೆಗೆದೆ.

ಸಣ್ಣ ಊರು. ಎರಡು ಗುಡ್ಡದ ನಡುವೆ ಒಂದು ಹೊಳೆ, ಒಂದು ಕಲ್ಲಿನ ಸೇತುವೆ, ಮಾರುಕಟ್ಟೆಯ ಚೌಕ. ತಗ್ಗಿಸಿದರೆ ಎಲ್ಲಿಯೂ ಚಪ್ಪಟೆಯಾಗಲಿಲ್ಲ. ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ಇತ್ತು. ಒಂದು ಮನೆಯ ಮೆಟ್ಟಿಲಿನ ಮೇಲೆ ಹೂವಿನ ಕುಂಡ, ಪಕ್ಕದಲ್ಲಿ ಒಗೆಯುವ ಟಬ್ಬು. ದುಡ್ಡಿಗೆ ಮಾಡಿದ ಊರಿನ ಅಂಚಿನಲ್ಲಿ ಕೈ ಬಿಟ್ಟವನು ಯಾರೂ ಕೊಳ್ಳದ ಊರಿನ ತಳದ ಕಾಯಿಯನ್ನೂ ಒರೆಸಿ ಇಟ್ಟಿದ್ದ.

ಅತ್ತೆ ಒಂದು ಹೆಜ್ಜೆ ಒಳಗೆ ಬಂದರು. "ಆ ಮೆಟ್ಟಿಲ ಮನೆ ಯಾರ್ದು?"

ಯಾರದೋ ನನಗೇನು ಗೊತ್ತು. ಆದರೆ ಗಿರಾಕಿ ಮಾಲು ಮುಟ್ಟಿ ನೋಡುವಾಗ ಗೊತ್ತಿಲ್ಲ ಎನ್ನುವವನು ಮಂಡಿ ಇಡಬಾರದು.

"ಈ ಊರು ಮಾಡಿದ ಹುಡುಗನ ಅಮ್ಮನ ಮನೆ" ಎಂದೆ.

"ಅಯ್ಯೋ ದೇವುಡಾ! ಅಮ್ಮನ ಮನೇನಾ? ಆ ಬಟ್ಟೆ ಆಯಮ್ಮನೇ ಹಾಕಿರೋದಾ?"

"ಇನ್ಯಾರು ಹಾಕ್ತಾರೆ?"

"ಹುಡುಗ ಅಲ್ಲೇ ಇದಾನಾ, ಬೇರೆ ಕಡೆ ಇದಾನಾ?"

"ಕೂತ್ಕೊಳ್ಳಿ ಅತ್ತೆ, ನಿಂತ್ಕೊಂಡ್ರೆ ಹೇಗೆ? ಇನ್ನೊಂದು ಸುತ್ತು ಬರೋಣ."

ಕೂತರು. ಆ ಮನೆಯ ಸುತ್ತ ಎಷ್ಟು ಸುತ್ತು ಹಾಕಿಸಿದರೋ ಲೆಕ್ಕವಿಲ್ಲ. ಆಯಮ್ಮನಿಗೆ ನೀರು ಎಲ್ಲಿಂದ, ಹಸು ಕಟ್ಟಿಲ್ಲವೇಕೆ, ಮಳೆ ಬಂದರೆ ಬಟ್ಟೆ ಯಾರು ತೆಗೆಯುತ್ತಾರೆ, ಎಲ್ಲವನ್ನೂ ನನ್ನನ್ನೇ ಕೇಳಿದರು. ನಾನೂ ಹೇಳುತ್ತಾ ಹೋದೆ. ಅದು ನಿಜವಾಗಿ ಯಾರ ಮನೆಯೆಂದು ಆ ಹುಡುಗನನ್ನು ನಾನು ಇವತ್ತಿಗೂ ಕೇಳಿಲ್ಲ, ಕೇಳುವ ಯೋಚನೆಯೂ ಇಲ್ಲ.

ಮೂರು ಭಾನುವಾರ ಮಾಲೂರಿನ ಬಸ್ಸು ನಮ್ಮ ಅತ್ತೆಯನ್ನು ಬಿಟ್ಟು ಹೋಯಿತು. ನಾನು ಆ ಬಸ್ಸು ಹೋಗುವುದನ್ನು ನೋಡಿ ಬರಲೆಂದೇ ಒಮ್ಮೆ ನಿಲ್ದಾಣದ ಕಡೆ ನಡೆದು ಬಂದೆ ಎಂದರೆ ನಗಬೇಡಿ.

ಆಮೇಲೆ ಒಂದು ದಿನ ಅವರೇ ಮಾತು ತೆಗೆದರು: "ಈ ಊರನ್ನ ಚಿಕ್ಕ ಅಳಿಯಂದ್ರಿಗೂ ಒಂದು ಕೊಡಿ. ಅವ್ರ ಟೀವಿ ದೊಡ್ಡದು, ಆಯಮ್ಮನ ಮನೆ ಇನ್ನೂ ಚೆನ್ನಾಗ್ ಕಾಣುತ್ತೆ."

"ಕೊಡೋ ಹಾಗಿಲ್ಲ ಅತ್ತೆ" ಎಂದೆ, ಎದೆಯ ಮೇಲೆ ಕೈ ಇಟ್ಟು. "ಕೊಂಡೋರಿಗೆ ಮಾತ್ರ. ಇನ್ನೊಬ್ರಿಗೆ ಕಾಪಿ ಮಾಡಿದ್ರೆ ಆ ಹುಡುಗನ ಹೊಟ್ಟೆ ಮೇಲೆ ಹೊಡ್ದಂಗೆ. ಆಯಮ್ಮ ಏನಂದ್ಕೊಂಡಾರು?"

ಒಳಗಿನಿಂದ ಹೆಂಡತಿ ಕೆಮ್ಮಿದಳು. ಕಳ್ಳ ಸೀಡಿಯಲ್ಲಿ ಸಿನಿಮಾ ನೋಡಿ ಬೆಳೆದವನ ಬಾಯಲ್ಲಿ ಈ ಮಾತು ಅವಳಿಗೆ ಹೊಸದು. ಆದರೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಯಮ ಹಾಗೇ ಇದೆ.

ಅತ್ತೆ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಅವ್ರನ್ನೇ ಇಲ್ಲಿಗೆ ಕರೀರಿ."

ಇದಕ್ಕೆ ಅಡ್ಡ ಬರುವ ನಿಯಮ ಎಷ್ಟು ಹುಡುಕಿದರೂ ಸಿಗಲಿಲ್ಲ. ನಿಮ್ಮ ಹತ್ತಿರ ಇದ್ದರೆ ತಿಳಿಸಿ.

ಬಂದರು ಗಂಡ ಹೆಂಡತಿ ಇಬ್ಬರೂ, ಮುಂದಿನ ಭಾನುವಾರ. ನಾದಿನಿ ಅಡುಗೆಮನೆಗೆ ಹೋದಳು. ಪರದೆಯ ಮುಂದೆ ನನ್ನ ಕುರ್ಚಿ, ಪಕ್ಕದಲ್ಲಿ ಅತ್ತೆಯದು. ಷಡ್ಡಕನಿಗೆ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿದ್ದೆ. ಅತ್ತೆ ಅದನ್ನು ಎಳೆದು ತಮ್ಮ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡರು. ನಾನು ವಿಮಾನ ಎಬ್ಬಿಸಿದೆ, ಸೇತುವೆ ದಾಟಿಸಿದೆ, ಮನೆಯ ಸುತ್ತ ಬಂದೆ. "ಅದೇ ನೋಡಪ್ಪಾ ಆಯಮ್ಮನ ಮನೆ" ಎಂದು ಅವನಿಗೆ ತೋರಿಸಿದರು. ಅವನು ಬಟ್ಟೆ ನೋಡಿದ, ಕುಂಡ ನೋಡಿದ, "ಎಷ್ಟು ಚೆನ್ನಾಗಿ ಮಾಡಿದಾನೆ ಅಣ್ಣ" ಎಂದ. ಅವನ ದುಬೈಯ ಬಗ್ಗೆ ನಾನು ಇಂಥ ಒಂದು ಮಾತು ಆಡಿರಲಿಲ್ಲ ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು.

"ಇಳಿಸೋದು ಚಿಕ್ಕ ಅಳಿಯಂದ್ರಿಗೆ ಕೊಡಿ" ಎಂದರು ಅತ್ತೆ. ನೇರವಾಗಿ ನನಗೇ ಹೇಳಿದರು. ಹಾಗೆ ಹೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಕೊಟ್ಟೆ. ಅವನು ಹೊಳೆಯ ಪಕ್ಕದ ಸಣ್ಣ ರನ್‌ವೇಯಲ್ಲಿ ಇಳಿಸಿದ; ಎಲ್ಲಿ ಗಾಳಿ ಮುಗಿಯಿತು, ಎಲ್ಲಿ ನೆಲ ಸಿಕ್ಕಿತು ತಿಳಿಯಲಿಲ್ಲ. ನನಗೆ ಹಾಗೆ ಇಳಿಸುವುದು ಬರುವುದಿಲ್ಲ. ವಿಮಾನ ನಿಂತಿತು. ಅತ್ತೆ ನಡುವೆ ಕೂತು ಒಮ್ಮೆ ಅವನಿಗೆ, ಒಮ್ಮೆ ನನಗೆ, ತಮ್ಮ ಮದುವೆಯ ಹೊತ್ತಿಗೆ ರಾಯಲ್ಪಾಡಿನ ಮನೆಗೆ ಮೆಟ್ಟಿಲು ಕಟ್ಟಿಸಿದ ಕತೆ ಹೇಳತೊಡಗಿದರು. ಇಬ್ಬರ ಎದುರೂ ಎದ್ದು ನಿಲ್ಲಲಿಲ್ಲ.

"ರೀ, ಉಪ್ಪಿಟ್ಟು ಆಗಿದೆ, ಬಂದು ತಟ್ಟೆ ತಗೊಂಡ್ಹೋಗಿ" ಎಂದು ಹೆಂಡತಿ ಕೂಗಿದಳು.

ನಾನು ಎದ್ದರೆ ಆ ಕೋಣೆಯಲ್ಲಿ ಉಳಿಯುವವರು ಅವರಿಬ್ಬರೇ. ಕತೆ ಇನ್ನೂ ಮೂರನೆಯ ಮೆಟ್ಟಿಲಲ್ಲಿತ್ತು.

"ನೀನೇ ತಾರೇ" ಎಂದು ಕೂಗಿದೆ. "ವಿಮಾನ ಇಳೀತಾ ಇದೆ, ಎದ್ದೇಳೋ ಹಾಗಿಲ್ಲ."

ವಿಮಾನ ಇಳಿದು ಆಗಲೇ ಎಷ್ಟೋ ಹೊತ್ತಾಗಿತ್ತು.